ಮೂರು ಗಂಟೆಯ ಕೂಲಿ

ಮಾತಿನಿಂದಲೇ ಗುರುವು ಗುರುವಾಗುವನೆಂಬುದು ಲೋಕದ ಸಾಮಾನ್ಯವಾದ ನಂಬಿಕೆ. ಶಿಷ್ಯನಿಗೆ ತಿಳಿಯುವ ನುಡಿಯಲ್ಲಿ, ಅವನ ಮುಖವನ್ನು ನೋಡುತ್ತ, ಬೇಕಾದಾಗ ಗದರಿಸಿ ಬೇಕಾದಾಗ ಬೆನ್ನು ತಟ್ಟಿ ಕಲಿಸುವವನನ್ನೇ ಜನರು ಒಳ್ಳೆಯ ಗುರುವೆನ್ನುವರು. ಹೀಗಿರಲು, ದುಭಾಷಿಯಿಲ್ಲದೆ ಸಭೆಯಲ್ಲಿ ನಾಲ್ಕು ಮಾತಾಡದ, ಎದುರಿಗೆ ಕುಳಿತವರನ್ನು ಕಣ್ಣೆತ್ತಿ ನೋಡದ, ಗೆದ್ದ ದಿನವೂ ಸೋತ ದಿನವೂ ಒಂದೇ ದನಿಯಲ್ಲಿ ಉತ್ತರ ಕೊಡುವ ಒಬ್ಬ ಪರದೇಶಿಯನ್ನು ಒಂದು ಊರಿಗೆ ಊರೇ ತಲೆಯ ಮೇಲೆ ಹೊತ್ತು ಮೆರೆಸಿತೆಂದರೆ, ಅದರಲ್ಲಿ ವಿಚಾರ ಮಾಡತಕ್ಕ ಸಂಗತಿ ಏನೋ ಇರಲೇಬೇಕು.

ಆ ಊರು ಇಂಗ್ಲೆಂಡಿನ ಉತ್ತರಭಾಗದ ಲೀಡ್ಸ್. ಉಣ್ಣೆಯ ಬಟ್ಟೆಗೂ ಸಿದ್ಧ ಉಡುಪಿಗೂ ಹಿಂದೆ ಹೆಸರಾಗಿದ್ದ ನಗರ. ಮ್ಯಾಂಚೆಸ್ಟರು, ಲಿವರ್‌ಪೂಲುಗಳಲ್ಲಿ ಎರಡೆರಡು ದೊಡ್ಡ ಕಾಲ್ಚೆಂಡಿನ ಸಂಘಗಳಿದ್ದರೆ ಲೀಡ್ಸಿಗೆ ಇರುವುದು ಒಂದೇ, 1919ರಲ್ಲಿ ಹುಟ್ಟಿದ ಲೀಡ್ಸ್ ಯುನೈಟೆಡ್. ಆದುದರಿಂದ ಅಲ್ಲಿ ಸೋಲು ಗೆಲುವುಗಳು ಊರಿನ ಎರಡು ಪಂಗಡಗಳಿಗೆ ಹಂಚಿಹೋಗುವುದಿಲ್ಲ. ಸೋತರೆ ಎಲ್ಲರ ಮನೆಯಲ್ಲಿಯೂ ಸೋಲೇ. ಈ ಸಂಘವು 1969, 1974, 1992ನೆಯ ವರ್ಷಗಳಲ್ಲಿ ದೇಶದ ಮೊದಲನೆಯ ಶ್ರೇಣಿಯ ಅಗ್ರಸ್ಥಾನವನ್ನು ಪಡೆದಿತ್ತು. 2001ರಲ್ಲಿ ಯೂರೋಪಿನ ಚಾಂಪಿಯನ್ಸ್ ಲೀಗಿನ ಉಪಾಂತ್ಯದ ಪಂದ್ಯದವರೆಗೂ ಹೋಗಿತ್ತು. ಆದರೆ ಆ ಕಡೆಯ ವೈಭವವು ಸಾಲದ ಮೇಲೆ ಕಟ್ಟಿದುದಾಗಿತ್ತು. ಇಂಗ್ಲೆಂಡಿನ ಪದ್ಧತಿಯಂತೆ ಶ್ರೇಣಿಯ ತಳದಲ್ಲಿ ನಿಂತ ಸಂಘಗಳು ಮರುವರ್ಷ ಕೆಳಗಿನ ಶ್ರೇಣಿಗೆ ಇಳಿಯಬೇಕು. ಲೀಡ್ಸ್ 2004ರಲ್ಲಿ ಎರಡನೆಯ ಶ್ರೇಣಿಗಿಳಿಯಿತು. 2007ರಲ್ಲಿ ಮೂರನೆಯದಕ್ಕೂ ಜಾರಿತು. 2010ರಲ್ಲಿ ಎರಡನೆಯದಕ್ಕೆ ಮರಳಿ ಅಲ್ಲಿಯೇ ನಿಂತುಬಿಟ್ಟಿತು. ಒಡೆಯರು ಬದಲಾದರು, ಗುರುಗಳು ಬಂದರು, ಹೋದರು. ಎಲ್ಲಂಡ್ ರೋಡಿನ ಮೈದಾನಕ್ಕೆ ಬರುವ ಜನರು ಮಾತ್ರ ಬದಲಾಗಲಿಲ್ಲ.

ಆ ಜನರಲ್ಲಿ ಒಬ್ಬ ಮುದುಕನನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಅವನಿಗೆ ಹೆಸರು ಬೇಡ. ಅವನಂಥವರು ಆ ಮೈದಾನದ ಮೆಟ್ಟಿಲುಗಳ ಮೇಲೆ ಸಾವಿರಾರು ಮಂದಿ. ಉಡುಪಿನ ಕಾರ್ಖಾನೆಯಲ್ಲಿ ನಾಲ್ವತ್ತು ವರ್ಷ ಬಟ್ಟೆ ಕತ್ತರಿಸಿ ಈಗ ಮನೆಯಲ್ಲಿರುವವನು. ಬಾಲ್ಯದಲ್ಲಿ ತಂದೆಯ ಕೈಹಿಡಿದು ಬಂದ ಜಾಗಕ್ಕೆ ಈಗ ಮೊಮ್ಮಗನ ಕೈಹಿಡಿದು ಬರುವವನು. ಗೆದ್ದೆತ್ತಿನ ಬಾಲ ಹಿಡಿಯುವ ಜಾತಿಯವನಲ್ಲ. ಹಾಗೆಂದು ಬಂದ ಗುರುವಿಗೆಲ್ಲ ಕೈಮುಗಿಯುವವನೂ ಅಲ್ಲ. ಸೋಲುಗಳು ಅವನ ನಾಲಗೆಯನ್ನು ಹರಿತಗೊಳಿಸಿದ್ದವು.

2018ನೆಯ ಇಸವಿಯ ಜೂನ್ ತಿಂಗಳಲ್ಲಿ ಆ ಸಂಘದವರು ಅರ್ಜೆಂಟೀನದ ಮಾರ್ಸೆಲೋ ಬಿಯೆಲ್ಸಾ ಅವರನ್ನು ಕರೆತಂದರು. ಬಿಯೆಲ್ಸಾ ಅವರು 1955ರಲ್ಲಿ ರೊಸಾರಿಯೊ ನಗರದಲ್ಲಿ ಹುಟ್ಟಿದವರು. ಅಲ್ಲಿನ ನ್ಯೂವೆಲ್ಸ್ ಓಲ್ಡ್ ಬಾಯ್ಸ್ ಸಂಘವು ತನ್ನ ಕ್ರೀಡಾಂಗಣಕ್ಕೆ 2009ರಲ್ಲಿ ಇವರ ಹೆಸರನ್ನಿಟ್ಟಿತು. ಅರ್ಜೆಂಟೀನದ ತಂಡವು 2004ರ ಆಥೆನ್ಸ್ ಒಲಿಂಪಿಕ್ಸಿನಲ್ಲಿ ಚಿನ್ನದ ಪದಕವನ್ನು ಪಡೆದುದು ಇವರ ಶಿಕ್ಷಣದಲ್ಲಿಯೇ. ಆದರೂ ಅವರ ನಾಡಿನವರು ಅವರಿಗೆ ಇಟ್ಟ ಅಡ್ಡಹೆಸರು ‘ಹುಚ್ಚ’. ಈ ಸುದ್ದಿಯನ್ನೋದಿದ ಮುದುಕನು, “ಹದಿನಾಲ್ಕು ವರ್ಷ ಜಾಣರನ್ನು ನೋಡಿದ್ದಾಯಿತು, ಇನ್ನು ಹುಚ್ಚನೊಬ್ಬ ಬಾಕಿಯಿದ್ದ” ಎಂದನೆಂದು ಇಟ್ಟುಕೊಳ್ಳೋಣ.

ಆ ಬೇಸಗೆಯಲ್ಲಿಯೇ ಒಂದು ಸಂಗತಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಲೀಡ್ಸಿನ ಸಾಮಾನ್ಯ ಅಭಿಮಾನಿಯು ಒಂದು ಪಂದ್ಯದ ಟಿಕೇಟಿಗಾಗಿ ಎಷ್ಟು ಹೊತ್ತು ದುಡಿಯಬೇಕಾಗುವುದೆಂದು ಬಿಯೆಲ್ಸಾ ಅವರು ವಿಚಾರಿಸಿದರಂತೆ. ಸುಮಾರು ಮೂರು ಗಂಟೆ ಎಂದು ಉತ್ತರ ಬಂದಿತಂತೆ. ಕೂಡಲೇ ಆಟಗಾರರನ್ನೆಲ್ಲ ಕರೆದು, ಥಾರ್ಪ್ ಆರ್ಚ್ ಎಂಬಲ್ಲಿರುವ ತಾಲೀಮಿನ ಮೈದಾನದ ಸುತ್ತಮುತ್ತ ಮೂರು ಗಂಟೆಗಳ ಕಾಲ ಕಸವನ್ನು ಆಯುವಂತೆ ಹೇಳಿದರಂತೆ. ನಿಮ್ಮ ಆಟವನ್ನು ನೋಡುವುದಕ್ಕೆ ಜನರು ತೆರುವ ಬೆಲೆ ಇಷ್ಟು, ಮೊದಲು ಅದನ್ನು ಬೆನ್ನಿನಲ್ಲಿ ತಿಳಿದುಕೊಳ್ಳಿರಿ ಎಂಬುದು ಇದರ ಅಭಿಪ್ರಾಯ.

ಕಾಲ್ಚೆಂಡಿನ ಆಟಗಾರರು ವಾರಕ್ಕೆ ಸಂಪಾದಿಸುವ ಹಣವನ್ನು ಮುದುಕನಂಥವರು ವರ್ಷವೆಲ್ಲ ದುಡಿದರೂ ಕಾಣರು. ಇದನ್ನು ಅವರು ಅಸೂಯೆಪಡದೆ ಒಪ್ಪಿಕೊಂಡಿರುವರು. ಅವರಿಗೆ ನೋವಾಗುತ್ತಿದ್ದುದು ಬೇರೆಯದಕ್ಕೆ: ತಮ್ಮ ಹಣ ಯಾವ ಬಗೆಯ ಹಣವೆಂಬುದು ಮೈದಾನದೊಳಗಿರುವವರಿಗೆ ತಿಳಿಯದೆಂಬುದಕ್ಕೆ. ಅಭಿಮಾನಿಗಳನ್ನು ಕುರಿತು ‘ನೀವೇ ನಮ್ಮ ಪ್ರಾಣ’ ಎಂದು ಹೇಳದ ಗುರುವೇ ಇಲ್ಲ. ಆದರೆ ಅವರ ದುಡಿಮೆಯನ್ನು ಗಂಟೆಗಳಲ್ಲಿ ಅಳೆದು, ಅದೇ ಅಳತೆಯನ್ನು ಆಟಗಾರರ ಕೈಗೆ ಕೊಟ್ಟವನು ಇವನೊಬ್ಬ. ಇಂಗ್ಲಿಷಿನಲ್ಲಿ ಮಾತಾಡದ ಈ ಮನುಷ್ಯನು ಆಡಿದ ಮೊದಲನೆಯ ಮಾತು ಇದಾಗಿತ್ತು. ಅದಕ್ಕೆ ದುಭಾಷಿಯ ಅವಶ್ಯಕತೆ ಬೀಳಲಿಲ್ಲ.

ತಾಲೀಮಿನ ಕ್ರಮವೂ ಹಾಗೆಯೇ ಇದ್ದಿತು. ಆಟಗಾರರ ತೂಕವನ್ನು ಬಿಡದೆ ನೋಡುತ್ತಿದ್ದರು. ಗೊತ್ತುಮಾಡಿದ ತೂಕಕ್ಕಿಂತ ಹೆಚ್ಚಾದವರಿಗೆ ತಂಡದಲ್ಲಿ ಸ್ಥಳ ಕಷ್ಟವಾಗುತ್ತಿತ್ತು. ಒಂದು ಹೊತ್ತಿನ ತಾಲೀಮಿಗೂ ಮತ್ತೊಂದಕ್ಕೂ ನಡುವೆ ಮನೆಗೆ ಹೋಗಿ ಸಮಯ ಕಳೆಯಬಾರದೆಂದು ಅಲ್ಲಿಯೇ ಮಲಗಿ ದಣಿವಾರಿಸಿಕೊಳ್ಳಲು ಏರ್ಪಾಡಾಯಿತು. ವಾರದ ನಡುವೆ ತಮ್ಮತಮ್ಮಲ್ಲಿಯೇ ಒಂದು ಆಟವನ್ನು ಆಡಿಸುತ್ತಿದ್ದರು. ಅದರಲ್ಲಿ ಚೆಂಡು ಗೆರೆಯನ್ನು ದಾಟಿದರೂ, ತಪ್ಪು ನಡೆದರೂ ಆಟ ನಿಲ್ಲಕೂಡದು. ಸುತ್ತ ನಿಂತ ಸಹಾಯಕರು ಒಡನೆಯೇ ಬೇರೆ ಚೆಂಡನ್ನು ಒಳಕ್ಕೆ ಎಸೆದು ‘ಓಡಿರಿ, ಓಡಿರಿ’ ಎಂದು ಕೂಗುವರು. ಇದಕ್ಕೆ ಬಿದ್ದ ಹೆಸರು ‘ಮರ್ಡರ್‌ಬಾಲ್’, ಎಂದರೆ ಕೊಲೆಚೆಂಡು. ಇದನ್ನು ಆಡಿ ಬಂದವರಿಗೆ ಶನಿವಾರದ ನಿಜವಾದ ಪಂದ್ಯವು ವಿಶ್ರಾಂತಿಯಂತೆ ತೋರುತ್ತಿದ್ದಿತೆಂದರೆ ಆಶ್ಚರ್ಯವಿಲ್ಲ.

ಇದರ ಫಲವು ಬೇಗನೆ ಕಂಡಿತು. ಹಿಂದಿನ ವರ್ಷ ಹದಿಮೂರನೆಯ ಸ್ಥಾನದಲ್ಲಿ ಮುಗಿಸಿದ ತಂಡದ ಆಟಗಾರರೇ ಹೆಚ್ಚಾಗಿ ಉಳಿದಿದ್ದರು. ಲಿಯಮ್ ಕೂಪರ್, ಲೂಕ್ ಐಲಿಂಗ್, ಸ್ಟುವರ್ಟ್ ಡಲ್ಲಾಸ್, ಮಾಟೆಯುಷ್ ಕ್ಲಿಕ್, ಆ ಊರಿನಲ್ಲಿಯೇ ಹುಟ್ಟಿದ ಕ್ಯಾಲ್ವಿನ್ ಫಿಲಿಪ್ಸ್ ಇವರೆಲ್ಲ ಆ ಮೊದಲೇ ಇದ್ದವರು, ‘ಪರವಾಗಿಲ್ಲ’ ಎನಿಸಿಕೊಂಡಿದ್ದವರು. ಆಗಸ್ಟ್ 5ರಂದು ಮೊದಲನೆಯ ಪಂದ್ಯದಲ್ಲಿ ಸ್ಟೋಕ್ ಸಿಟಿ ತಂಡವನ್ನು ಮೂರು ಗೋಲುಗಳಿಂದ ಒಂದಕ್ಕೆ ಸೋಲಿಸಿದರು. ಮುದುಕನು ಅಂದು ಬಹಳ ಹೊತ್ತು ಸುಮ್ಮನಿದ್ದು ಕಡೆಗೆ, “ಇವರು ಹೊಸಬರಲ್ಲ, ಇವರ ಮೈಯಲ್ಲಿ ಕೆಲಸ ಹೊಸದು” ಎಂದಿರಬೇಕು. ಕೆಲಸಗಾರನಿಗೆ ಕೆಲಸದ ಗುರುತು ಹತ್ತಲು ಹೊತ್ತು ಬೇಕಾಗುವುದಿಲ್ಲ.

ಪಂದ್ಯ ನಡೆಯುವಾಗ ಬಿಯೆಲ್ಸಾ ಅವರು ಮೆತ್ತೆಯ ಆಸನವನ್ನು ಬಿಟ್ಟು, ಗೆರೆಯ ಪಕ್ಕದಲ್ಲಿ ಬೋರಲು ಹಾಕಿದ ನೀಲಿಯ ಬಕೆಟ್ಟೊಂದರ ಮೇಲೆ ಕುಳಿತಿರುತ್ತಿದ್ದರು. ವಾಸವು ವೆದರ್ಬಿ ಎಂಬ ಚಿಕ್ಕ ಊರಿನ ಚಿಕ್ಕ ಮನೆಯಲ್ಲಿ. ತಾಲೀಮಿನ ಮೈದಾನಕ್ಕೆ ಬೆನ್ನಿಗೆ ಚೀಲವನ್ನು ಹಾಕಿಕೊಂಡು ನಡೆದೇ ಹೋಗುತ್ತಿದ್ದರು. ವೃತ್ತಪತ್ರಿಕೆಗಳವರ ಮುಂದೆ ಕುಳಿತರೆ ಅವರ ದೃಷ್ಟಿ ಮೇಜಿನ ಮೇಲೆ. ಕೇಳಿದ ಪ್ರಶ್ನೆ ಎಷ್ಟು ಹಗುರವಾಗಿದ್ದರೂ ಉತ್ತರವು ದೀರ್ಘ; ದುಭಾಷಿಯು ಅದನ್ನು ತುಂಡುತುಂಡಾಗಿ ಇಂಗ್ಲಿಷಿಗೆ ಇಳಿಸಬೇಕು. ಇತರ ಗುರುಗಳು ಗುಟ್ಟೆಂದು ಬಚ್ಚಿಡುವುದನ್ನು, ಎಂದರೆ ಮುಂದಿನ ಪಂದ್ಯದಲ್ಲಿ ಯಾರು ಆಡುವರು, ಯಾರಿಗೆ ಎಲ್ಲಿ ಪೆಟ್ಟಾಗಿದೆ ಎಂಬುದನ್ನು, ಇವರು ಮೊದಲೇ ಹೇಳಿಬಿಡುತ್ತಿದ್ದರು. ಸೋತರೆ ತಪ್ಪು ತಮ್ಮದೆನ್ನುವರು, ಗೆದ್ದರೆ ಆಟಗಾರರದೆನ್ನುವರು. ಮೊಮ್ಮಗನು, “ಅಜ್ಜಾ, ಇವರೇಕೆ ಯಾರ ಮುಖವನ್ನೂ ನೋಡುವುದಿಲ್ಲ?” ಎಂದು ಕೇಳಿದರೆ ಮುದುಕನು, “ಮುಖ ನೋಡಿ ಸುಳ್ಳು ಹೇಳಿದವರನ್ನು ನಾವು ಬೇಕಾದಷ್ಟು ನೋಡಿಲ್ಲವೆ, ಮಗು?” ಎಂದನು.

ಆದರೆ ಈ ಋಜುತ್ವಕ್ಕೂ ಒಂದು ಪರೀಕ್ಷೆ ಬಂದಿತು. 2019ರ ಜನವರಿಯಲ್ಲಿ, ಡರ್ಬಿ ಕೌಂಟಿ ತಂಡದೊಡನೆ ಪಂದ್ಯಕ್ಕೆ ಮುನ್ನ, ಆ ತಂಡದ ತಾಲೀಮಿನ ಸ್ಥಳದ ಹೊರಗೆ ಲೀಡ್ಸಿನ ನೌಕರನೊಬ್ಬನು ಕದ್ದು ನೋಡುತ್ತಿದ್ದುದು ಸಿಕ್ಕಿಬಿದ್ದಿತು. ಬಿಯೆಲ್ಸಾ ಅವರು ಅಲ್ಲಗಳೆಯಲಿಲ್ಲ; ಕಳುಹಿಸಿದವನು ತಾನೇ, ಹೊಣೆಯೂ ತನ್ನದೇ ಎಂದರು. ಕೆಲವು ದಿನಗಳ ಮೇಲೆ ಪತ್ರಿಕೆಗಳವರನ್ನು ಇದ್ದಕ್ಕಿದ್ದಂತೆ ಕರೆದಾಗ ರಾಜೀನಾಮೆಯೇ ಇರಬೇಕೆಂದು ಎಲ್ಲರೂ ಭಾವಿಸಿದರು. ಅವರಾದರೋ ದೀಪವನ್ನು ಮಂದಮಾಡಿಸಿ, ಪರದೆಯ ಮೇಲೆ ಡರ್ಬಿ ತಂಡದ ಆಟದ ವಿವರಗಳನ್ನು ಒಂದು ಗಂಟೆಗೂ ಮೀರಿ ಬಿಡಿಸಿ ತೋರಿಸಿದರು. ಎದುರಾಳಿಯ ಹಿಂದಿನ ವರ್ಷದ 51 ಪಂದ್ಯಗಳನ್ನು ನೋಡಿದ್ದಾಗಿತ್ತು. ಒಂದೊಂದಕ್ಕೆ ನಾಲ್ಕು ಗಂಟೆಗಳ ಕೆಲಸ. ಇಷ್ಟೆಲ್ಲ ತಿಳಿದಿರುವಾಗ ಗೂಢಚಾರನಿಂದ ಸಿಗುವುದು ಏನೂ ಇಲ್ಲ. ಆದರೂ ಮಾಡಬಹುದಾದ ಕೆಲಸವನ್ನು ಮಾಡದೆ ಬಿಟ್ಟೆನೆಂಬ ಅಳುಕು ತಪ್ಪಲೆಂದು ಹಾಗೆ ಮಾಡಿದೆನೆಂಬುದು ಅವರು ಹೇಳಿದುದರ ತಾತ್ಪರ್ಯ. ಲೀಗಿನ ಅಧಿಕಾರಿಗಳು ಎರಡು ಲಕ್ಷ ಪೌಂಡುಗಳ ದಂಡ ವಿಧಿಸಿದರು. ಅದನ್ನು ಅವರು ತಮ್ಮ ಕೈಯಿಂದಲೇ ತೆತ್ತರು.

ದೇಶದ ಪತ್ರಿಕೆಗಳಲ್ಲಿ ಹಲವು ಇದನ್ನು ಮೋಸವೆಂದವು. ಲೀಡ್ಸಿನ ಜನರು ಡರ್ಬಿಯವರನ್ನು ಹಂಗಿಸಲು ಹಾಡು ಕಟ್ಟಿಕೊಂಡರು. ಅಭಿಮಾನವು ನ್ಯಾಯವನ್ನು ಮರೆಸುವುದೆಂಬುದಕ್ಕೆ ಇದು ನಿದರ್ಶನವೆಂದರೆ ಸುಳ್ಳಲ್ಲ. ಬೇರೊಬ್ಬರು ಹೀಗೆ ಮಾಡಿದ್ದರೆ ಅದೇ ಜನರು ಉಗಿಯುತ್ತಿದ್ದರು. ಆದರೆ ಏಪ್ರಿಲ್ 28ರಂದು ಆಸ್ಟನ್ ವಿಲ್ಲ ತಂಡದೊಡನೆ ಆಡುವಾಗ ನಡೆದುದನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ವಿಲ್ಲದ ಆಟಗಾರನೊಬ್ಬನು ಪೆಟ್ಟು ತಿಂದು ಬಿದ್ದಿರಲು, ಚೆಂಡನ್ನು ಹೊರಗಟ್ಟುವರೆಂದು ಅವನ ಜೊತೆಯವರು ಆಟವನ್ನು ಸಡಿಲಿಸಿದರು. ಲೀಡ್ಸಿನವರು ಆಟ ಮುಂದುವರಿಸಿ ಗೋಲು ಹೊಡೆದರು. ಜಗಳವಾಯಿತು. ಬಿಯೆಲ್ಸಾ ಅವರು ಗೆರೆಯ ಪಕ್ಕದಿಂದ ಕೂಗಿ, ಎದುರಾಳಿಗೆ ಒಂದು ಗೋಲನ್ನು ಬಿಟ್ಟುಕೊಡುವಂತೆ ತಮ್ಮವರಿಗೆ ಆಜ್ಞೆಮಾಡಿದರು. ಅವರ ತಂಡದವನೊಬ್ಬನು ಆಗಲೂ ಅಡ್ಡ ಬರಲು ನೋಡಿದನು. ಆದರೂ ಗೋಲು ಆಯಿತು, ಪಂದ್ಯವು ಒಂದಕ್ಕೊಂದಾಗಿ ಮುಗಿಯಿತು. ಎದುರಾಳಿಯ ಬೇಲಿಯೊಳಗೆ ಇಣುಕಿದ ಗುರುವೇ ಎದುರಾಳಿಗೆ ಗೋಲನ್ನು ದಾನಮಾಡಿದನು. ಆ ವರ್ಷದ ಅಂತರರಾಷ್ಟ್ರೀಯ ಸದಾಟದ ಪ್ರಶಸ್ತಿಯು ಅವರಿಗೂ ಲೀಡ್ಸಿಗೂ ಸಂದಿತು. ಮೈದಾನದ ಜನರಲ್ಲಿ ಕೆಲವರು ಅಂದು ಗೊಣಗಿದರು. ಮನೆಗೆ ಹೋಗುವ ಹೊತ್ತಿಗೆ ಅವರಲ್ಲಿ ಹೆಚ್ಚಿನವರು ಎದೆಯುಬ್ಬಿಸಿಕೊಂಡಿದ್ದರು.

ಆ ವರ್ಷ ಮೇಲೇರಲಾಗಲಿಲ್ಲ. ಬಹುಕಾಲ ಮುಂದಿದ್ದ ತಂಡವು ಕಡೆಯ ವಾರಗಳಲ್ಲಿ ಸೋತು ಮೂರನೆಯದಾಯಿತು. ಮೇ 15ರಂದು ಎಲ್ಲಂಡ್ ರೋಡಿನಲ್ಲಿಯೇ ಡರ್ಬಿಯವರು ನಾಲ್ಕಕ್ಕೆ ಎರಡರಿಂದ ಗೆದ್ದು ಕೊನೆಯ ದಾರಿಯನ್ನೂ ಮುಚ್ಚಿದರು. ಗೆದ್ದವರು ಬೆರಳುಗಳನ್ನು ಕಣ್ಣಿಗೆ ದುರ್ಬೀನಿನಂತೆ ಹಿಡಿದು ಅಣಕಿಸಿದರು. ಆಗ ಅಭಿಮಾನಿಗಳಲ್ಲಿ ಎರಡು ಪಕ್ಷಗಳಾದವು. ಈ ತಾಲೀಮು ಮನುಷ್ಯರಿಗೆ ಹೇಳಿದುದಲ್ಲ, ವಸಂತ ಬರುವ ಹೊತ್ತಿಗೆ ಕಾಲುಗಳಲ್ಲಿ ಸತ್ತ್ವವೇ ಉಳಿದಿರುವುದಿಲ್ಲ ಎಂದು ಒಂದು ಪಕ್ಷ. ಕಾಲು ಸೋತಿಲ್ಲ, ಗೋಲಿನ ಮುಂದೆ ಗುರಿ ತಪ್ಪಿತು ಎಂದು ಇನ್ನೊಂದು. ಇದು ಬರಿಯ ಹರಟೆಯಾಗಿರಲಿಲ್ಲ. ದುಡಿಮೆಯಿಂದ ಬದುಕಿದ ಜನರ ಊರಿನಲ್ಲಿ, ದುಡಿಮೆಗೆ ಮಿತಿ ಎಲ್ಲಿ ಎಂಬ ಪ್ರಶ್ನೆಗೆ ಬೇರೆಯೇ ತೂಕವುಂಟು. ಮುದುಕನಿಗೆ ತನ್ನ ಕಾರ್ಖಾನೆಯ ದಿನಗಳು ನೆನಪಾಗಿರಬಹುದು: ಒಂದು ಗಂಟೆಯ ಹೆಚ್ಚಿನ ಕೆಲಸ ಮನೆಗೆ ರೊಟ್ಟಿ ತರುವುದು, ಮೂರು ಗಂಟೆಯದು ಬೆರಳನ್ನು ಕತ್ತರಿಗೆ ಕೊಡುವುದು.

ಬಿಯೆಲ್ಸಾ ಅವರು ಹೋಗಲಿಲ್ಲ, ಕ್ರಮವನ್ನೂ ಬದಲಿಸಲಿಲ್ಲ. ಮರುವರ್ಷ 93 ಅಂಕಗಳೊಡನೆ ಎರಡನೆಯ ಶ್ರೇಣಿಯಲ್ಲಿ ಲೀಡ್ಸೇ ಮೊದಲು. 2020ರ ಜುಲೈ 17ರಂದು, ಹದಿನಾರು ವರ್ಷಗಳ ಮೇಲೆ, ಮೊದಲನೆಯ ಶ್ರೇಣಿಯ ಬಾಗಿಲು ತೆರೆಯಿತು. ಆದರೆ ವಿಧಿಯ ಕುಚೋದ್ಯವನ್ನು ನೋಡಿರಿ: ಕೊರೋನಾ ವ್ಯಾಧಿಯ ಕಾಲವಾದುದರಿಂದ ಮೈದಾನದೊಳಗೆ ಜನರಿಗೆ ಪ್ರವೇಶವಿರಲಿಲ್ಲ. ಹದಿನಾರು ವರ್ಷ ಒಳಗೆ ಕುಳಿತು ಸೋಲನ್ನು ಕಂಡವರು ಗೆಲುವನ್ನು ಹೊರಗೆ ಬೀದಿಯಲ್ಲಿ ನಿಂತು ಆಚರಿಸಬೇಕಾಯಿತು. ಮುಂದಿನ ವರ್ಷವೂ ಬಹುಭಾಗ ಹಾಗೆಯೇ. ಏಪ್ರಿಲಿನಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು ಅದರ ಮೈದಾನದಲ್ಲಿಯೇ, ಹತ್ತೇ ಜನರು ಉಳಿದಿದ್ದಾಗ ಎರಡಕ್ಕೊಂದರಿಂದ ಸೋಲಿಸಿದುದನ್ನೂ, ಕಡೆಗೆ 59 ಅಂಕಗಳೊಡನೆ ಒಂಬತ್ತನೆಯ ಸ್ಥಾನವನ್ನು ಪಡೆದುದನ್ನೂ ಮುದುಕನು ಮನೆಯ ಕುರ್ಚಿಯಿಂದಲೇ ನೋಡಿದನು. ಊರಿನ ಗೋಡೆಗಳ ಮೇಲೆ ಬಿಯೆಲ್ಸಾ ಅವರ ಚಿತ್ರಗಳು ಎದ್ದವು. ಒಂದು ಬೀದಿಗೆ ಅವರ ಹೆಸರು ಬಂದಿತು.

ಜನರು ಮತ್ತೆ ಒಳಗೆ ಬಂದಾಗ ಕೆಟ್ಟಕಾಲವೂ ಅವರೊಡನೆಯೇ ಬಂದಿತು. ಫಿಲಿಪ್ಸ್, ಕೂಪರ್, ಗೋಲು ಹೊಡೆಯುವ ಪ್ಯಾಟ್ರಿಕ್ ಬ್ಯಾಮ್‌ಫರ್ಡ್ ಇವರು ಪೆಟ್ಟಾಗಿ ದೂರವಾದರು. ಬಿಯೆಲ್ಸಾ ಅವರ ವಿಧಾನದಲ್ಲಿ ಎದುರಾಳಿಯ ಒಬ್ಬೊಬ್ಬನನ್ನೂ ತಮ್ಮ ಒಬ್ಬೊಬ್ಬನು ಮೈದಾನದ ಉದ್ದಕ್ಕೂ ಬೆನ್ನಟ್ಟಬೇಕು; ಒಬ್ಬನು ಹಿಂದೆ ಬಿದ್ದರೆ ಇಡೀ ನೇಯ್ಗೆ ಬಿಚ್ಚಿಹೋಗುವುದು. 2021ರ ಡಿಸೆಂಬರಿನಲ್ಲಿ ಮ್ಯಾಂಚೆಸ್ಟರ್ ಸಿಟಿಯವರು ಏಳು ಗೋಲು ಹೊಡೆದರು. 2022ರ ಫೆಬ್ರವರಿ ಒಂದೇ ತಿಂಗಳಲ್ಲಿ ಲೀಡ್ಸಿನ ಬಲೆಗೆ ಬಿದ್ದುವು ಇಪ್ಪತ್ತು ಗೋಲುಗಳು. ವಿಧಾನವನ್ನು ಸ್ವಲ್ಪ ಸಡಿಲಿಸಬಾರದೆ ಎಂದು ಪತ್ರಿಕೆಗಳವರು ಕೇಳಿದರು, ಅಭಿಮಾನಿಗಳೂ ಕೇಳಿದರು. ಉತ್ತರವು ಎಂದಿನಂತೆ ದೀರ್ಘವಾಗಿ, ವಿನಯವಾಗಿ, ಮೇಜನ್ನು ನೋಡುತ್ತ ಬಂದಿತು. ಬದಲಾವಣೆ ಮಾತ್ರ ಬರಲಿಲ್ಲ.

ಈಗ ಹದಿನೆಂಟರ ಹರೆಯಕ್ಕೆ ಬಂದಿದ್ದ ಮೊಮ್ಮಗನು ಬಿಸಿಯಾದನು. “ಅಜ್ಜಾ, ಮನೆ ಹತ್ತಿ ಉರಿಯುವಾಗ ಕಟ್ಟಿದವರ ಗುಣಗಾನ ಮಾಡುತ್ತ ಕೂಡುವುದೇ? ಮತ್ತೆ ಕೆಳಗಿಳಿದರೆ ಇನ್ನು ಹದಿನಾರು ವರ್ಷ. ಆಗ ನಮ್ಮಲ್ಲಿ ಯಾರಿರುವರೋ!” ಎಂದನು. ಆ ಮಾತಿನಲ್ಲಿ ‘ನಮ್ಮಲ್ಲಿ’ ಎಂದರೆ ಯಾರೆಂಬುದು ಇಬ್ಬರಿಗೂ ತಿಳಿದಿತ್ತು. ಮುದುಕನು ಸಿಟ್ಟಾಗಲಿಲ್ಲ. “ನೀನು ಹೇಳುವುದರಲ್ಲಿ ತಪ್ಪಿಲ್ಲ. ಆತ ಹಟಮಾರಿ. ಆ ಹಟದಿಂದಲೇ ಮೇಲೆ ಬಂದೆವು, ಅದರಿಂದಲೇ ಬೀಳುತ್ತಿದ್ದೇವೆ. ಒಂದನ್ನಿಟ್ಟುಕೊಂಡು ಇನ್ನೊಂದನ್ನು ಕತ್ತರಿಸಿ ತೆಗೆಯಬಹುದಾಗಿದ್ದರೆ ನಾನೇ ತೆಗೆಯುತ್ತಿದ್ದೆ” ಎಂದನು.

ಫೆಬ್ರವರಿ 26ರಂದು ಎಲ್ಲಂಡ್ ರೋಡಿನಲ್ಲಿ ಟಾಟನ್‌ಹ್ಯಾಮ್ ತಂಡವು ನಾಲ್ಕು ಗೋಲು ಹೊಡೆಯಿತು. ಲೀಡ್ಸಿನದು ಒಂದೂ ಇಲ್ಲ. ಇಂಥ ಸೋಲಿನಲ್ಲಿ ಇಂಗ್ಲೆಂಡಿನ ಮೈದಾನಗಳಲ್ಲಿ ಸಾಮಾನ್ಯವಾಗಿ ಕೇಳಿಬರುವುದು ಬೈಗುಳು, ಇಲ್ಲವೆ ಖಾಲಿ ಆಸನಗಳ ಸದ್ದು. ಅಂದು ಕೇಳಿಸಿದುದು ಬಿಯೆಲ್ಸಾ ಅವರ ಹೆಸರಿನ ಹಾಡು. ಮುಂದೇನಾಗುವುದೆಂಬುದು ಎಲ್ಲರಿಗೂ ಗೊತ್ತಿತ್ತು. ಇಲ್ಲಿಯೇ ಹೇಳಿ ಮುಗಿಸಬೇಕಾದುದನ್ನು ಜನರು ಹೇಳಿ ಮುಗಿಸಿದರು. ಮಾರನೆಯ ದಿನ ಸಂಘದವರು ಅವರನ್ನು ಕೆಲಸದಿಂದ ಬಿಡಿಸಿದರು. ಸಂಘದ ತೀರ್ಮಾನವು ಅನ್ಯಾಯವೆನ್ನಲಾಗುವುದಿಲ್ಲ. ತಂಡವು ಆ ವರ್ಷ ಉಳಿದುಕೊಂಡುದು ಕಡೆಯ ದಿನದ ಕಡೆಯ ಪಂದ್ಯದಲ್ಲಿ. ಹಾಡಿದವರಲ್ಲಿಯೂ ಎಷ್ಟೋ ಜನರು ತೀರ್ಮಾನವನ್ನು ಒಪ್ಪಿದ್ದರು. ಒಪ್ಪಿಯೂ ಹಾಡಿದರು. ಗಮನಿಸತಕ್ಕ ವಿಷಯ ಇದೇ.

ಇಷ್ಟರಿಂದ ಬಿಯೆಲ್ಸಾ ಅವರ ಮೌನವೆಲ್ಲ ಪುಣ್ಯವೆಂದು ತಿಳಿಯಬಾರದು. 2023ರಲ್ಲಿ ಅವರು ಉರುಗ್ವೆ ದೇಶದ ತಂಡಕ್ಕೆ ಗುರುವಾದರು; ಮರುವರ್ಷ ಆ ತಂಡವು ಕೋಪಾ ಅಮೆರಿಕದಲ್ಲಿ ಮೂರನೆಯ ಸ್ಥಾನವನ್ನು ಪಡೆಯಿತು. ಆದರೆ ಆ ತಂಡದ ಹಿರಿಯ ಆಟಗಾರ ಲೂಯಿಸ್ ಸ್ವಾರೆಜ್ ನಿವೃತ್ತನಾದ ಮೇಲೆ, 2024ರ ಅಕ್ಟೋಬರಿನಲ್ಲಿ, ಗುರುವಿನ ನಡವಳಿಕೆಯು ತಂಡವನ್ನು ಒಡೆಯುತ್ತಿದೆಯೆಂದು ಬಹಿರಂಗವಾಗಿ ಆಕ್ಷೇಪಿಸಿದನು. ಬೆಳಗ್ಗೆ ಎದುರಾದಾಗ ಒಂದು ನಮಸ್ಕಾರವನ್ನಾದರೂ ಹೇಳಿರೆಂದು ಆಟಗಾರರು ಬೇಡಿಕೊಳ್ಳಬೇಕಾಯಿತೆಂದನು. ಅಲ್ಲಿ ಗುರುವಿಗೂ ಶಿಷ್ಯರಿಗೂ ಭಾಷೆ ಒಂದೇ, ಸ್ಪ್ಯಾನಿಷ್. ಮೈದಾನದ ಮೆಟ್ಟಿಲಿನಿಂದ ಕಾಣುವ ಗುರುವೇ ಬೇರೆ, ದಿನವೂ ಕೈಕೆಳಗೆ ದುಡಿಯುವವನಿಗೆ ಕಾಣುವ ಗುರುವೇ ಬೇರೆ. ಲೀಡ್ಸಿನ ಜನರು ಅವರ ತಾಲೀಮನ್ನು ಹೊಗಳಿದರು. ಅದನ್ನು ಅವರು ಮಾಡಬೇಕಾಗಿರಲಿಲ್ಲ.

ಸ್ವಾರೆಜನ ಮಾತುಗಳನ್ನು ಮುದುಕನಿಗೆ ಓದಿ ಹೇಳಿದವನು ಮೊಮ್ಮಗನೇ. ತಂಡವು 2023ರಲ್ಲಿ ಮತ್ತೆ ಕೆಳಗಿಳಿದಿತ್ತು. 2025ರಲ್ಲಿ ಮತ್ತೆ ಮೇಲೇರುವುದಕ್ಕೆ ಇನ್ನೂ ಕೆಲವು ತಿಂಗಳುಗಳಿದ್ದವು. ಮುದುಕನು ಕೇಳಿ, “ನಮಸ್ಕಾರ ಹೇಳಬೇಕಾಗಿತ್ತು. ನಮ್ಮ ಕಾರ್ಖಾನೆಯ ಮೇಸ್ತ್ರಿ ಎಷ್ಟೇ ಕಠಿಣನಾದರೂ ಬೆಳಗ್ಗೆ ನಮಸ್ಕಾರ ಹೇಳುತ್ತಿದ್ದ” ಎಂದನು. ಈ ಸಲ ಗುರುವಿನ ಪಕ್ಷವನ್ನು ವಹಿಸಿದವನು ಮೊಮ್ಮಗ. ಅವನು ಆ ವರ್ಷ ಉಗ್ರಾಣವೊಂದರಲ್ಲಿ ಕೆಲಸಕ್ಕೆ ಸೇರಿದ್ದನು. ಪಂದ್ಯದ ಟಿಕೇಟನ್ನು ಮೊದಲನೆಯ ಸಲ ತನ್ನ ಸಂಬಳದಿಂದ ಕೊಂಡಿದ್ದನು.

“ಹೇಳಬೇಕಾಗಿತ್ತು, ನಿಜ” ಎಂದನು ಅವನು. “ಆದರೆ ಅಜ್ಜಾ, ನನ್ನ ಮೂರು ಗಂಟೆಗಳನ್ನು ಲೆಕ್ಕಹಾಕಿದವರು ಮತ್ತಾರೂ ಇಲ್ಲ.”